ಪಕ್ಕದ ಮಂಚದ ಅಕ್ಕ

ಮೊನ್ನೆ ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೆರಡು ವರ್ಷದ ಹಿಂದಿನ ಬೆಂಗಳೂರಿನ ಶಂಕರಪುರಂ ಹಾಸ್ಟೆಲಿನ ರೂಮು ಕಣ್ಣೆದುರು ಬಂತು. ಎರಡು ಮಂಚ, ಒಂದು ಬೀರು. ಎದುರುಮನೆಯಲ್ಲಿ ಹುಡುಗರಿದ್ದಾರೆ ಅಂತ ವಾರ್ಡನ್ ಕಿಟಕಿಗೆ ಮೊಳೆ ಹೊಡೆಸಿಬಿಟ್ಟಿದ್ದರು. ಒಳಗೆ ಏನು ಹಚ್ಚಿಕೊಂಡರೂ ವಾಸನೆ ಅಲ್ಲೇ ಸುತ್ತುತ್ತಿತ್ತು...

ಹಚ್ಚಿಕೊಳ್ಳುತ್ತಿದ್ದವಳು ಪಕ್ಕದ ಮಂಚದವಳು. ನನಗಿಂತ ಒಂದು ವರ್ಷ ದೊಡ್ಡವಳು, ಅಕ್ಕ ಅನ್ನುತ್ತಿದ್ದೆ. ಅವರಪ್ಪ ಕನಕಪುರದ ಕಡೆಯವರು, ಸೈಟು ವ್ಯವಹಾರದಲ್ಲಿ ಕೈತುಂಬ ಕಾಸು ಮಾಡಿದ್ದರು. ನಮ್ಮಪ್ಪ ಚಿಂತಾಮಣಿಯ ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಪ್ರೆಸ್ಸು ಮುಚ್ಚಿತು, ನನ್ನ ಮೆಸ್ಸಿನ ದುಡ್ಡು ಬರುವುದೂ ನಿಂತಿತು. ಓದು ಬಿಟ್ಟು ಊರಿಗೆ ಹೊರಡೋಣ ಅಂತ ಬಟ್ಟೆ ತುಂಬಿಕೊಳ್ಳುತ್ತಿದ್ದಾಗ ಅಕ್ಕ, "ಸುಮ್ನೆ ಕೂತ್ಕೊಳೇ, ನಾನು ಕಟ್ತೀನಿ" ಅಂದಳು. ಅವತ್ತು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಆಮೇಲೆ ಭಾನುವಾರಗಳು ಶುರುವಾದವು. ಗಾಂಧಿನಗರದ ಸಿನಿಮಾ ಆಫೀಸೊಂದರಲ್ಲಿ ಕೆಲಸಕ್ಕಿದ್ದ ಹುಡುಗನ ಜೊತೆ ಅವಳು ಹೊರಗೆ ಹೋಗುತ್ತಿದ್ದಳು. ಹಾಸ್ಟೆಲಿನ ರಿಜಿಸ್ಟರಿನಲ್ಲಿ ಅವಳ ಸಹಿ ನಾನು ಹಾಕಬೇಕು. ಅವರಪ್ಪ ಫೋನ್ ಮಾಡಿದರೆ "ಸ್ನಾನಕ್ಕೆ ಹೋಗಿದಾಳೆ ಅಂಕಲ್" ಅನ್ನಬೇಕು. ಭಾನುವಾರ ಬಂತೆಂದರೆ ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಒಬ್ಬಳೇ ಇದ್ದಾಗ ಅವಳ ನೀಲಿ ಚೂಡಿದಾರ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದೆ. ಆ ಹುಡುಗ ಒಂದು ಸಲ ಗೇಟಿನ ಹತ್ತಿರ ನನ್ನನ್ನು ನೋಡಿ, "ಅವಳನ್ನ ಸ್ವಲ್ಪ ಕರೀರಿ" ಅಂದಿದ್ದ, ಅಷ್ಟೇ. ಆ ಮಾತನ್ನು ಎಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆನೋ...

ಒಂದು ದಿನ ಧೈರ್ಯ ಮಾಡಿ, "ಇನ್ನು ನನ್ನ ಕೈಲಾಗಲ್ಲ ಅಕ್ಕ" ಅಂದೆ.

ಅವಳು ಉಗುರಿನಿಂದ ಕಣ್ಣೆತ್ತದೆ, "ಮೆಸ್ ದುಡ್ಡು ನಿಮ್ಮಪ್ಪ ಕಳಿಸಿದ್ರಾ?" ಅಂತ ಕೇಳಿದಳು.

ಮುಂದಿನ ಭಾನುವಾರವೂ ಅವಳ ಸಹಿ ಹಾಕಿದೆ. ಮೆಸ್ಸಿನಲ್ಲಿ ಉಣ್ಣುತ್ತಲೂ ಇದ್ದೆ.

ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಒಂದು ಭಾನುವಾರ ಅವರಪ್ಪ ಹೇಳದೆ ಕೇಳದೆ ಬಂದುಬಿಟ್ಟರು. ಲೈಬ್ರರಿಗೆ ಹೋಗಿದಾಳೆ ಅಂದೆ. ಪರವಾಗಿಲ್ಲ, ಕಾಯ್ತೀನಿ ಅಂತ ವರಾಂಡದ ಬೆಂಚಿನ ಮೇಲೆ ಕೂತರು, ನನ್ನನ್ನೂ ಕೂರಿಸಿಕೊಂಡರು. ಎರಡು ಗಂಟೆಯಾಯಿತು, ಮೂರಾಯಿತು. ಮನೆಯಿಂದ ತಂದಿದ್ದ ನಿಪ್ಪಟ್ಟಿನ ಡಬ್ಬ ತೆಗೆದು ತಿನ್ನು ಅಂದರು. ನಾಲ್ಕರ ಹೊತ್ತಿಗೆ ಮೆಲ್ಲಗೆ ಕೇಳಿದರು: "ಭಾನುವಾರ ಯಾವ ಲೈಬ್ರರಿ ತೆಗೆದಿರುತ್ತಮ್ಮ? ನೀನೂ ನನ್ನ ಮಗಳ ಥರಾನೇ. ನಿಜ ಹೇಳು."

ಹೇಳಿಬಿಟ್ಟೆ. ಅವರು ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದೆ. ಹುಡುಗನ ಹೆಸರು, ಆಫೀಸು, ಬೈಕಿನ ಬಣ್ಣ, ಎಲ್ಲ. ಸುಳ್ಳು ಹೇಳಿ ಸಾಕಾಗಿತ್ತು ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೊಟ್ಟೆಕಿಚ್ಚೂ ಇತ್ತು.

ಆರು ಗಂಟೆಗೆ ಅವಳು ಬಂದಳು. ಅವರಪ್ಪ ಕೂಗಾಡಲಿಲ್ಲ. "ಈ ಮಗು ಎಲ್ಲಾ ಹೇಳಿದೆ. ಬಟ್ಟೆ ತಗೊಂಡು ನಡಿ" ಅಂದರು. ರೂಮಿನಲ್ಲಿ ಅವಳು ಬೀರು ಖಾಲಿ ಮಾಡುವಾಗ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಅಂದುಕೊಂಡಿದ್ದೆ. ಬಾಗಿಲ ಹತ್ತಿರ ನಿಂತು, "ಮುಂದಿನ ತಿಂಗಳ ಮೆಸ್ಸಿಗೂ ಕಟ್ಟಿದೀನಿ. ಪರೀಕ್ಷೆ ಬರೆದೇ ಹೋಗು" ಅಂದಳು.

ಅವಳು ಪರೀಕ್ಷೆ ಬರೆಯಲಿಲ್ಲ. ಅದೇ ವರ್ಷ ಮದುವೆ ಮಾಡಿದರಂತೆ. ನಾನು ಅವಳ ದುಡ್ಡಿನ ಊಟ ಉಂಡು, ಪಾಸಾಗಿ, ಕೆಲಸಕ್ಕೆ ಸೇರಿದೆ.

ಅವಳ ನಂಬರು ಹಾಸ್ಟೆಲಿನ ಗೆಳತಿಯೊಬ್ಬಳಿಂದ ಸಿಕ್ಕಿ ಆರು ವರ್ಷವಾಗಿತ್ತು. ಮಾತಾಡುವ ಧೈರ್ಯ ಬಂದಿರಲಿಲ್ಲ. ಮೊನ್ನೆ ಸಂಜೆ ಫೋನ್ ಮಾಡಿದೆ. ಎತ್ತಿದ್ದು ಅವಳ ಮಗಳು.

"ಅಮ್ಮ ತೀರಿಹೋಗಿ ಒಂದು ವರ್ಷ ಆಯ್ತು ಆಂಟಿ. ನೀವು ಯಾರು?"

ಕಾಲೇಜಲ್ಲಿ ಓದುವಾಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದೆವು ಅಂದೆ.

ಆ ಕಡೆಯಿಂದ ಹುಡುಗಿ, "ಅಮ್ಮ ಕಾಲೇಜಿಗೆ ಹೋಗಿದ್ರಾ?" ಅಂತ ಕೇಳಿದಳು.