ಗೌಸ್ ಸಾಬರು ಮತ್ತು ಸವೆದ ಬುಶ್ಶು

ಶ್ರೀನಿವಾಸಪುರದಲ್ಲಿ ಗೌಸ್ ಮೊಹಿದ್ದೀನ್ ಸಾಬರು ಕಡೆದ ತೊಟ್ಟಿಲಲ್ಲಿ ಮಲಗದೆ ದೊಡ್ಡವರಾದವರು ಕಮ್ಮಿ. ಮಂಚದ ಕಾಲು, ಲಟ್ಟಣಿಗೆ, ಬುಗುರಿ, ಎಲ್ಲವನ್ನೂ ನಲವತ್ತು ವರ್ಷ ಕಣ್ಣಳತೆಯಲ್ಲೇ ಕಡೆದರು. ಟೇಪು ಹಿಡಿದವರನ್ನು ಕಂಡರೆ ಅವರಿಗೆ ಕನಿಕರ. ಈಗ ತೊಟ್ಟಿಲು ಪ್ಲಾಸ್ಟಿಕ್ಕು, ಮಂಚ ಕಬ್ಬಿಣ. ಅದಕ್ಕೇ ಮಗಳು ಮೆಹ್ರೀನ್ ಪೆನ್ನಿನ ಸಾಮಾನು ತರಿಸಿಕೊಟ್ಟಳು. ಅರವತ್ತೆರಡನೇ ವಯಸ್ಸಿನಲ್ಲಿ ಸಾಬರು ಮಾವಿನ ಮರದ ಪೆನ್ನು ಕಡೆಯೋಕೆ ಕೂತರು.

ಸಾಮಾನಿನ ಜೊತೆ ಎರಡು ಉಕ್ಕಿನ ಉಂಗುರ ಬಂದಿದ್ದವು. ಅದಕ್ಕೆ ಬುಶ್ ಅಂತಾರೆ. ಮರದ ತುಂಡಿಗೆ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಕಂಬಿಗೆ ಪೋಣಿಸಿ, ಆಚೆಗೊಂದು ಈಚೆಗೊಂದು ಬುಶ್ ಇಟ್ಟು ಕಡೆಯುವ ಮೆಷಿನ್ನಿಗೆ ಕಟ್ಟಿ ತಿರುಗಿಸಬೇಕು. ಪೆನ್ನಿನ ಲೋಹದ ತುದಿ ಎಷ್ಟು ದಪ್ಪವೋ ಬುಶ್ಶೂ ಅಷ್ಟೇ ದಪ್ಪ. ಮರ ಬುಶ್ಶಿನ ಮಟ್ಟಕ್ಕೆ ಇಳಿದಾಗ ಉಳಿ ನಿಲ್ಲಿಸಬೇಕು. ಆಗ ಮರವೂ ಲೋಹವೂ ಬೆರಳಿಗೆ ಒಂದೇ ಅನ್ನಿಸುತ್ತೆ.

"ನಲವತ್ತು ವರ್ಷ ಕಡೆದವನಿಗೆ ಇದೆಲ್ಲ ಯಾಕಮ್ಮಾ?" ಅಂದಿದ್ದರು ಸಾಬರು.

ಸ್ವಲ್ಪ ದಿನ ಆದಮೇಲೆ ಬುಶ್ ಇಲ್ಲದೆ ಕೂರುತ್ತಲೇ ಇರಲಿಲ್ಲ. ಅಪ್ಪನಿಗೆ ಬುದ್ಧಿ ಬಂತು ಅಂದುಕೊಂಡಳು ಮಗಳು. ನಿಜ ಏನಪ್ಪಾ ಅಂದರೆ, ಸಾಬರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಉಳಿ ಎಲ್ಲಿ, ಮರ ಎಲ್ಲಿ, ಎಲ್ಲ ಮಜ್ಜಿಗೆ ಚೆಲ್ಲಿದ ಹಾಗೆ. ಬಾಯಿ ಬಿಟ್ಟರೆ ಮಗಳು ಮೆಷಿನ್ ನಿಲ್ಲಿಸುತ್ತಾಳೆ, ಆಮೇಲೆ ಜಗಲಿ ಮೇಲೆ ಕೂತು ರಾಯಲ್ಪಾಡಿನ ಬಸ್ಸು ಎಣಿಸಬೇಕು ಅನ್ನೋ ಭಯ. ಸಾವಿಗೂ ಅವರು ಅಷ್ಟು ಹೆದರಿರಲಿಲ್ಲ. ಕಣ್ಣಿನ ಕೆಲಸ ಕಿವಿಗೆ ಕೊಟ್ಟರು. ಉಳಿ ಮರದ ಮೇಲಿದ್ದಾಗ ಒಂದು ಸದ್ದು, ಬುಶ್ಶಿಗೆ ತಾಗಿದರೆ ಕಿರ್ರ್ ಅಂತ ಇನ್ನೊಂದು. ಕಿರ್ರ್ ಅಂದ ಕೂಡಲೇ ನಿಲ್ಲಿಸೋದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎಂಟು ತಿಂಗಳು ನಡೀತು.

ಮೊನ್ನೆ ಕೋಲಾರದ ಅಂಗಡಿ ಮುರಳಿಮೋಹನ್ ಇಪ್ಪತ್ತು ಪೆನ್ನು ವಾಪಸ್ ತಂದ. "ಸಾಬ್ರೇ, ಬೆರಳು ಜಾರಿಸಿದ್ರೆ ಲೋಹದ ಹತ್ರ ತಟ್ಟುತ್ತೆ. ಮರ ಎಲ್ಲಾ ಬತ್ತೋಗಿದೆ" ಅಂದ.

"ಮಾವು ಒಣಗಿದ್ರೆ ಹಂಗೇ ಕಣಪ್ಪಾ" ಅಂದರು. ಬಲ್ಬು ಸರಿಯಿಲ್ಲ ಅಂದರು. ಕರೆಂಟು ಏರುಪೇರು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಾಬರು ನೆಲವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬೈದರು.

ಮೆಹ್ರೀನ್ ಕಂಬಿಯಿಂದ ಬುಶ್ ಬಿಚ್ಚಿ ಪೆನ್ನಿನ ಲೋಹದ ತುದಿಯ ಪಕ್ಕ ಇಟ್ಟಳು. ಬುಶ್ ಸಣ್ಣಗಾಗಿತ್ತು. ಮೈತುಂಬ ಉಳಿಯ ಗೀರು. ನೂರಾರು ಸಲ ಕಿರ್ರ್ ಅನ್ನಿಸಿ ಅನ್ನಿಸಿ ಉಕ್ಕೇ ಸವೆದಿತ್ತು. ಸವೆದ ಬುಶ್ಶೂ ಕಿರ್ರ್ ಅನ್ನುತ್ತೆ, ಅದಕ್ಕೇನು ಗೊತ್ತು? ಅದು ಇಳಿದಷ್ಟೂ ಮರ ಇಳಿದಿತ್ತು. ಕಣ್ಣು ಕಾಣುವವರು ಪ್ರತಿ ಸಲ ಬುಶ್ಶಿಗೆ ಉಳಿ ತಾಗಿಸಲ್ಲ.

ಮುರಳಿಮೋಹನ್ ಹೋಗೋವರೆಗೂ ಕಾದು ಕೇಳಿದಳು. "ಅಬ್ಬಾಜಾನ್, ಕಣ್ಣು ಯಾವಾಗಿಂದ ಕಾಣ್ತಿಲ್ಲ?"

"ಯಾರು ಹೇಳಿದ್ದು ನಿಂಗೆ?"

"ಬುಶ್ಶು."

ಸಾಬರಿಗೆ ಸಿಟ್ಟು ಬಂತು, ಬುಶ್ಶಿನ ಮೇಲೆ. ಎಂಟು ತಿಂಗಳು ಜೊತೆಗಿದ್ದು ಚಾಡಿ ಹೇಳಿತಲ್ಲ ಅಂತ. ಆಮೇಲೆ ಸ್ಟೂಲಿನ ಮೇಲೆ ಕುಸಿದರು. "ಮೆಷಿನ್ ಕಿತ್ಕೊಂಡ್ರೆ ನಾನೇನಾಗ್ಲಿ ಬೇಟಿ?"

ಮೆಹ್ರೀನಿಗೆ ಅಳುವೂ ಬಂತು, ರೇಗಿಯೂ ಹೋಯಿತು. "ಬೆರಳು ಹೋಗಿದ್ರೆ?" ಅಂತ ಕೂಗಾಡಿದಳು. ಮೆಷಿನ್ನಿನ ವೈರು ಕಿತ್ತು, ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಸಾಬರು ನೋಡುತ್ತಾ, ಅಂದರೆ ಆ ಕಡೆ ಮುಖ ಮಾಡಿಕೊಂಡು, ಕೂತಿದ್ದರು.

ಅವಳು ಎರಡು ಫೋನ್ ಮಾಡಿದಳು. ಮೊದಲನೆಯದು ಕಣ್ಣಾಸ್ಪತ್ರೆಗೆ. ಎರಡನೆಯದು ಪೆನ್ನಿನ ಸಾಮಾನಿನವರಿಗೆ: "ಬುಶ್ ಬೇಕಿತ್ತು ಸಾರ್. ಹೂಂ, ನಮ್ಮ ತಂದೆಗೇ. ಮುಂದಿನ ತಿಂಗಳು ಕಳಿಸಿ ಸಾಕು, ಆಪರೇಷನ್ ಆಗಿ ಕಣ್ಣು ವಾಸಿಯಾಗ್ಲಿ."

ಸಾಬರು ಸ್ಟೂಲಿನಿಂದ ಎದ್ದು ಫೋನಿನ ಕಡೆ ಬಗ್ಗಿದರು.

"ಎರಡು ಜೊತೆ ಹೇಳು" ಅಂದರು.