ಮೋಟೆಬೆನ್ನೂರು ದಾರಿಯ ರೊಟ್ಟಿ

ಒಬ್ಬಳೇ ಆಫ್ರಿಕಾ ಸುತ್ತಲು ಹೊರಡುವ ಮೊದಲು, ಭಾರದ ಚೀಲ ಹೊತ್ತು ನಡೆಯುವ ರೂಢಿಯಾಗಲೆಂದು ಬೆಳಿಗ್ಗೆ ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುತ್ತಿದ್ದೆ. ಒಂದು ದಿನ ದಣಿದು ರಸ್ತೆ ಬದಿ ಕೂತಾಗ, ಹೊಲಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ಪಕ್ಕ ಬಂದು ಕೂತಳು.

“ಗಂಡನ ಕೂಡ ಜಗಳಾಡಿ ಹೊಂಟೀಯೇನವ್ವಾ?”

“ಮದವಿನ ಆಗಿಲ್ಲಬೇ. ಆಫ್ರಿಕಾಕ್ಕ ಹೊಂಟೇನಿ.”

“ಅಲ್ಲಿ ಯಾರದಾರ?”

“ಯಾರೂ ಇಲ್ಲ.”

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅಜ್ಜಿ ಬುತ್ತಿ ಬಿಚ್ಚಿ, ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. ಮದುವೆಯಾಗಿಲ್ಲ ಎಂಬ ಮಾತನ್ನು ಮಾತ್ರ ನಂಬಲಿಲ್ಲ.

“ಅಷ್ಟು ದೂರ ಯಾಕ? ಸಿಟ್ಟು ಇಳಿಯೂತನಕ ನಮ್ಮ ಮನ್ಯಾಗ ಇರು,” ಎಂದು ಮನೆಯ ಗುರುತು ಹೇಳಿದಳು.

ಮುಂದಿನ ವಾರ ವಿಮಾನ ಹತ್ತಿದಾಗ ಹೆದರಿಕೆಯೇನೂ ಹೋಗಿರಲಿಲ್ಲ. ಆದರೆ ಹೆದರಿ ಅರ್ಧಕ್ಕೇ ತಿರುಗಿ ಬಂದರೆ ಇಳಿದುಕೊಳ್ಳಲು ನನಗೊಂದು ಮನೆ ಹೆಚ್ಚಿಗೆ ಇತ್ತು.