ಸೈಮಿಯ ಲಿನಕ್ಸ್ ಕೋಣೆ

ಬೆಳಿಗ್ಗೆ ಏಳು ಗಂಟೆ. ಹೊರಗೆ ಇನ್ನೂ ಕಗ್ಗತ್ತಲು, ಹಿಮ ಸುರಿಯುತ್ತಲೇ ಇದೆ. ಫಿನ್ಲೆಂಡಿನ ಕೊರ್ಪಿವಾರ ಶಾಲೆಯ ನೆಲಮಾಳಿಗೆಯಲ್ಲಿ ಸೈಮಿ ಹಕ್ಕರಾಯ್ನೆನ್ ಬೂಟು ಕಳಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಮಂಡಿಯೂರಿ ಕುಳಿತು, ಹಳೇ ಕಂಪ್ಯೂಟರೊಂದರ ಹೊಟ್ಟೆಯ ಧೂಳು ತೆಗೆಯುತ್ತಿದ್ದಾರೆ. ಯಾವುದೋ ಕಚೇರಿಯವರು ಎಸೆಯಲು ಇಟ್ಟಿದ್ದ ಯಂತ್ರವದು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಇನ್ನೂ ಐದಾರು ವರ್ಷ ಓಡುತ್ತದಂತೆ.

ಸೈಮಿ ಮೊದಲು ಕಾಗದದ ಕಾರ್ಖಾನೆಯಲ್ಲಿ ರಿಪೇರಿ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿತು, ಶಾಲೆಯಲ್ಲಿ ಅರೆಹೊತ್ತಿನ ಕೆಲಸ ಸಿಕ್ಕಿತು. ಲಿನಕ್ಸ್ ಅವರಿಗೆ ಪರಿಚಯವಾದದ್ದೂ ಇಲ್ಲೇ, ಮಕ್ಕಳ ಜೊತೆ ಕುಳಿತು ಕೆಡಿಸಿ ಕೆಡಿಸಿ ಕಲಿತರು.

ಒಂಬತ್ತಕ್ಕೆ ಏಳನೇ ತರಗತಿ ಬರುತ್ತದೆ.

"ಸೈಮೀ, ಬಾ ಇಲ್ಲಿ! ಪರದೆ ಪೂರ್ತಿ ಕಪ್ಪಾಗೋಯ್ತು!" ಪಿಹ್ಲಾ ಎಂಬ ಹುಡುಗಿ ಕೂಗುತ್ತಾಳೆ. ಇಲ್ಲಿ ಮಕ್ಕಳು ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ.

"ಏನು ಅಳಿಸ್ದೆ?"

"ಏನಿಲ್ಲ... ಒಂದು ಫೋಲ್ಡರ್ ಅಷ್ಟೇ."

"ಅಷ್ಟೇನಾ! ಭಲೇ ಮಹಾರಾಯ್ತಿ! ನಾನು ಕಾಫಿ ಕುಡ್ಕೊಂಡು ಬರ್ತೀನಿ, ನೀನು ಲಿನಕ್ಸ್ ಮೊದಲಿಂದ ಹಾಕು."

ಪಿಹ್ಲಾ ಮುಖ ಕೆಂಪಗೆ ಮಾಡಿಕೊಂಡು ಕೆಲಸಕ್ಕೆ ಕೂರುತ್ತಾಳೆ. ಊಟದ ಬಟಾಣಿ ಸೂಪಿನ ಹೊತ್ತಿಗೆ ಯಂತ್ರ ಎದ್ದು ಕೂತಿರುತ್ತದೆ.

ಈ ಕೋಣೆಯನ್ನೇ ಮುಚ್ಚಲು ಶಾಲೆಯವರು ಹೊರಟಿದ್ದಾರೆ! ಯಂತ್ರಗಳು ಗುಜರಿಗೆ, ಮಕ್ಕಳ ಕೈಗೆ ಬೀಗ ಜಡಿದ ಹೊಸ ಟ್ಯಾಬ್ಲೆಟ್. ಅದರೊಳಗೆ ಇಣುಕುವಂತಿಲ್ಲ, ಏನನ್ನೂ ಹಾಕುವಂತಿಲ್ಲ. ಲಿನಕ್ಸ್ ಬರೆಯಲು ಶುರುಮಾಡಿದ್ದು ಇದೇ ಫಿನ್ಲೆಂಡಿನ ವಿದ್ಯಾರ್ಥಿ; ಅದನ್ನು ಇಲ್ಲಿನ ಮಕ್ಕಳಿಂದಲೇ ಕಸಿಯುತ್ತಾರೆಂದರೆ ಮೈ ಉರಿಯದೆ ಇರುತ್ತದೆಯೆ?

"ಮರಗೆಲಸದ ಪಾಠದಲ್ಲಿ ಮಕ್ಕಳ ಕೈಗೆ ಗರಗಸ ಕೊಡ್ತೀವಿ," ಎನ್ನುತ್ತಾರೆ ಸೈಮಿ. "ಬೆರಳು ಕೊಯ್ಕೊಂಡ್ರೆ ಪಟ್ಟಿ ಕಟ್ಟಿ ಮತ್ತೆ ಗರಗಸ ಕೊಡ್ತೀವಿ. ಕಂಪ್ಯೂಟರ್ ಪಾಠ ಅಂದ್ರೆ ಮಾತ್ರ ಗಾಜು ಉಜ್ಕೊಂಡು ಕೂತ್ಕೋ ಅಂತೀವಿ. ಇದು ಕಲಿಸೋದಾ, ನೀವೇ ಹೇಳಿ?"

ಯಂತ್ರಗಳೆಲ್ಲ ಪೋಷಕರ ಸಂಘದ ಆಸ್ತಿ. ಗುಜರಿಗೆ ಕೊಟ್ಟುಬಿಡಲು ಸಂಘದ ಎರಡು ಸಭೆಗಳು ಒಪ್ಪಬೇಕು. ಮೊದಲ ಸಭೆಯಲ್ಲಿ ಕೋಣೆ ಉಳಿಯಲಿ ಎಂದು ಎದ್ದು ನಿಂತು ಹೇಳಿದವರು ಸೈಮಿ ಒಬ್ಬರೇ. "ಬೆಂಬಲಿಸುವವರು ಇದ್ದಾರೆಯೆ?" ಎಂದು ಅಧ್ಯಕ್ಷ ಯೊರ್ಮ ಕೆಟ್ಟುನೆನ್ ಕೇಳಿದರು. ಇನ್ನೊಬ್ಬರ ಬೆಂಬಲವಿಲ್ಲದ ಸಲಹೆ ಅಲ್ಲಿಗೇ ಬಿದ್ದುಹೋಗುತ್ತದೆ. ಸಭೆಗೆ ಸಭೆಯೇ ಕಾಫಿ ಲೋಟದೊಳಗೆ ನೋಡುತ್ತಾ ಕೂತಿತು. ಯಂತ್ರಗಳನ್ನು ಕೊಟ್ಟುಬಿಡುವುದೆಂದು ಅಧ್ಯಕ್ಷರ ಸುತ್ತಿಗೆ ಮೇಜಿನ ಮೇಲೆ ಬಿತ್ತು.

ಆಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬೊಬ್ಬರಾಗಿ ಬಂದು, "ನೀನು ಹೇಳಿದ್ದೇ ಸರಿ ಸೈಮಿ" ಎಂದು ಕೈ ಕುಲುಕಿದರು. ಪಿಹ್ಲಾಳ ಅಪ್ಪನೂ ಬಂದ.

"ಈಗ ಬಂತಾ ನಾಲಿಗೆ?" ಎಂದು ಸೈಮಿ ಗದರಿದರು. "ಒಳಗೆ ಏನಾಗಿತ್ತು?"

"ನಡುವೆ ಬಾಯಿ ಹಾಕೋದು ಸರಿಯಲ್ಲ ಅಂತ... ಬೇರೆ ಯಾರಾದ್ರೂ ಹೇಳ್ತಾರೆ ಅನ್ಕೊಂಡೆ," ಎಂದ ಆತ.

ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಥೂ, ಇದೆಂಥ ಮರ್ಯಾದೆ! ಮಕ್ಕಳ ಕಲಿಕೆಗಿಂತ ಸಂಕೋಚ ದೊಡ್ಡದಾಯಿತೆ?

ಎರಡನೇ ಸಭೆ ನಾಳೆ ಸಂಜೆ. ಏನು ಬೇಕು ನಿಮಗೆ ಎಂದರೆ ಸೈಮಿ ಕೈಯ ಧೂಳು ಒರೆಸಿಕೊಳ್ಳುತ್ತಾರೆ.

"ಹೊಸ ಯಂತ್ರ ಬೇಡ, ಸಂಬಳ ಜಾಸ್ತಿ ಮಾಡೋದೂ ಬೇಡ. ಎದ್ದು ನಿಂತು ಹೇಳೋಕೆ ನಾನಿದ್ದೀನಿ. ಇನ್ನೊಬ್ರು ಯಾರಾದ್ರೂ ಕೂತಲ್ಲೇ 'ಬೆಂಬಲಿಸ್ತೀನಿ' ಅನ್ಲಿ. ಒಂದೇ ಒಂದು ಮಾತು ರೀ. ಅಷ್ಟೂ ಆಗಲ್ವಾ ಇಡೀ ಊರಿಗೆ?"